ನೈರೋಬಿಯೋ, ದಾರ್ ಎಸ್ ಸಲಾಮೋ?

ನನ್ನ ತಂಗಿಗೆ ಎರಡೂ ಊರಿಂದ ಕೆಲಸದ ಆಫರ್ ಬಂದಿದೆ. ಹಿರೇವಡ್ಡಟ್ಟಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಪಗಾರ ಎಷ್ಟವಾ?"

ಪಗಾರ ನೈರೋಬಿಯಲ್ಲೇ ಜಾಸ್ತಿ. ಸುಮಾರು 1,700 ಮೀಟರ್ ಎತ್ತರದ ಊರು, ಹವೆ ತಂಪು. ಇಂಗ್ಲಿಷ್ ನಡೆಯುತ್ತೆ. ನಮ್ಮ ಯುಪಿಐಗಿಂತ 9 ವರ್ಷ ಮೊದಲೇ, 2007ರಲ್ಲಿ, ಕೀನ್ಯಾದಲ್ಲಿ ಎಂ-ಪೆಸಾ ಶುರುವಾಗಿತ್ತು.

ಟಾಂಜಾನಿಯಾದ ದಾರ್ ಎಸ್ ಸಲಾಮ್ ಕಡಲೂರು, ಮಂಗಳೂರಿನಂಥ ಸೆಕೆ. ಸ್ವಾಹಿಲಿ ಬರದಿದ್ರೆ ಸಂತೆ ಕಷ್ಟ. ಆದ್ರೆ ಹುಬ್ಬಳ್ಳಿ-ಧಾರವಾಡಕ್ಕಿಂತ ಮೊದಲೇ, 2016ರಲ್ಲಿ, ಬಿಆರ್‌ಟಿ ಬಸ್ ಬಂದಿದೆ.

ಎರಡೂ ಕಡೆ ಕತ್ತಲಾದ ಮೇಲೆ ಟ್ಯಾಕ್ಸಿಯೇ ಗತಿ. ಅದಕ್ಕೇ ತಂಗಿಗೆ ಹೇಳಿದೆ: ಬಾಡಿಗೆ, ಟ್ಯಾಕ್ಸಿ, ವರ್ಷಕ್ಕೊಮ್ಮೆ ಊರಿಗೆ ಬರೋ ಟಿಕೆಟ್ ಎಲ್ಲ ಕಳೆ. ಉಳಿದದ್ದೇ ನಿಜವಾದ ಪಗಾರ. ಅವ್ವನ ಔಷಧಕ್ಕೆ ಕಳಿಸೋ ದುಡ್ಡು ಬರೋದೂ ಅದ್ರಲ್ಲೇ.