ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಲಿ

ಅರಕಲಗೂಡು ಸೀಮೆಯ ತಂಬಾಕು ಬೆಳೆಗಾರ ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲ್ ತಂದಾಗ, ಕೆ.ಜಿ.ಗೆ ಎಷ್ಟು ಸಿಕ್ಕಿತು ಎಂಬುದನ್ನಷ್ಟೇ ನೋಡಿ ಲಾಭ ಎನ್ನುವುದಿಲ್ಲ. ಎಲೆ ಬೇಯಿಸಲು ಸುಟ್ಟ ಸೌದೆ, ಕೂಲಿ, ಗೊಬ್ಬರ, ಸಾಲದ ಬಡ್ಡಿ ಎಲ್ಲ ಕಳೆದ ಮೇಲೆಯೇ ಆ ಮಾತು. ಕಟ್ಟಾಯದ ಕಡೆ ಶುಂಠಿ ಕೈ ಹಿಡಿದ ವರ್ಷ ಆಲೂಗಡ್ಡೆ ಅಂಗಮಾರಿಗೆ ಹೋದರೆ, ಎರಡನ್ನೂ ಒಂದೇ ಪುಸ್ತಕದಲ್ಲಿ ಕೂಡಿ ಕಳೆಯುತ್ತಾರೆ. ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಅದೇ ಮನೆಯ ಹುಡುಗ ಮೊಬೈಲಿನಲ್ಲಿ ಕ್ರಿಪ್ಟೊ ವಹಿವಾಟಿಗೆ ಇಳಿದರೆ ಈ ಲೆಕ್ಕ ನಡೆಯುವುದಿಲ್ಲ.

ಅವನು 1 ಲಕ್ಷ ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ಚೂರನ್ನು 2 ಲಕ್ಷಕ್ಕೆ ಮಾರಿದ ಎಂದಿಟ್ಟುಕೊಳ್ಳಿ. ಅದೇ ವರ್ಷ ಇನ್ನೊಂದು ನಾಣ್ಯಕ್ಕೆ 1 ಲಕ್ಷ ಹಾಕಿ, ಬೆಲೆ ಬಿದ್ದು, 20 ಸಾವಿರಕ್ಕೆ ಕೈತೊಳೆದುಕೊಂಡ. ಒಂದರಲ್ಲಿ 1 ಲಕ್ಷ ಬಂತು, ಇನ್ನೊಂದರಲ್ಲಿ 80 ಸಾವಿರ ಹೋಯಿತು. ಕೈಯಲ್ಲಿ ಉಳಿದದ್ದು 20 ಸಾವಿರ. ಆದರೆ ತೆರಿಗೆ ಬೀಳುವುದು ಪೂರ್ತಿ 1 ಲಕ್ಷದ ಮೇಲೆ: ಶೇ 30ರಂತೆ 30,000, ಅದರ ಮೇಲೆ ಶೇ 4 ಸೆಸ್ 1,200, ಒಟ್ಟು 31,200 ರೂಪಾಯಿ. ಗೆದ್ದೆ ಎಂದುಕೊಂಡವನು ನಿಜಕ್ಕೂ 11,200 ರೂಪಾಯಿ ಕಳೆದುಕೊಂಡಿದ್ದಾನೆ.

ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ನಿರ್ಮಲಾ ಸೀತಾರಾಮನ್ 2022ರ ಫೆಬ್ರುವರಿ 1ರಂದು ಮಂಡಿಸಿದ ಬಜೆಟ್ ಈ ನಿಯಮ ತಂದಿತು. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಹೊಂದಿಸಲೂ ಆಗದು ಎಂದು ಮಾರ್ಚ್‌ನಲ್ಲಿ ಸರ್ಕಾರ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತು. ಜುಲೈ 1ರಿಂದ ಮಾರಿದ ಮೊತ್ತದ ಮೇಲೆ ಶೇ 1 ಟಿಡಿಎಸ್ ಸೇರಿತು. ನಷ್ಟಕ್ಕೆ ಮಾರಿದರೂ ಇದನ್ನು ಮುರಿದುಕೊಳ್ಳುತ್ತಾರೆ. ತೆರಿಗೆಯಲ್ಲಿ ಹೊಂದಿಕೆಯಾದರೂ ಅಲ್ಲಿಯವರೆಗೆ ಆ ದುಡ್ಡು ಕೈಗಿಲ್ಲ. ನಾಣ್ಯ ಕೊಟ್ಟು ನಾಣ್ಯ ಪಡೆದರೂ ಅದು ಮಾರಾಟವೇ, ಒಂದು ರೂಪಾಯಿ ಖಾತೆಗೆ ಬಾರದಿದ್ದರೂ.

ಜೂಜಿನಂಥ ಈ ವಹಿವಾಟಿನಿಂದ ಜನರನ್ನು ದೂರವಿಡಲು ಬಿಗಿ ಬೇಕು ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. 2021ರ ನವೆಂಬರ್‌ನಲ್ಲಿ 69 ಸಾವಿರ ಡಾಲರ್ ಮುಟ್ಟಿದ್ದ ಬಿಟ್‌ಕಾಯಿನ್ ಒಂದೇ ವರ್ಷದಲ್ಲಿ 16 ಸಾವಿರಕ್ಕೆ ಇಳಿಯಿತು. ಬೆಲೆ ತುದಿಯಲ್ಲಿದ್ದಾಗ ಪರದೆಯ ಮೇಲಿನ ಹಸಿರು ಅಂಕಿ ನಂಬಿ ಹಾಕಿದ 1 ಲಕ್ಷ ಕರಗಿ 23 ಸಾವಿರದ ಆಸುಪಾಸಿಗೆ ಬಂದು ನಿಂತಿತ್ತು. ಅರ್ಧಕ್ಕೆ ಬಿದ್ದ ಬೆಲೆ ಅಸಲಿಗೆ ಮರಳಲು ಶೇ 50 ಏರಿದರೆ ಸಾಲದು, ದುಪ್ಪಟ್ಟಾಗಬೇಕು ಎಂಬ ಸರಳ ಗಣಿತವೂ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. 2024ರ ಜುಲೈ 18ರಂದು ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳುವಾದ ಮೇಲೆ, ಅಲ್ಲಿ ಇಟ್ಟವರು ತಮ್ಮ ನಾಣ್ಯ ತೆಗೆಯಲು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಪರದೆಯಲ್ಲಿ ಕಾಣುವುದಕ್ಕೂ ಕೈಗೆ ಬರುವುದಕ್ಕೂ ಇರುವ ಅಂತರ ಅಷ್ಟು.

ಆದರೂ ಅಪಾಯವಿದೆ ಎಂಬ ಕಾರಣಕ್ಕೆ ನಷ್ಟವೇ ಇಲ್ಲವೆಂಬಂತೆ ತೆರಿಗೆ ಹಾಕುವುದು ನ್ಯಾಯವಲ್ಲ. ಷೇರಿನಲ್ಲಿ ಆದ ಬಂಡವಾಳ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಲು ಬಿಡುವ ದೇಶದಲ್ಲಿ, ನಾಣ್ಯ ನಾಣ್ಯಗಳ ನಡುವಿನ ಹೊಂದಾಣಿಕೆಗಾದರೂ ಅವಕಾಶ ಕೊಡಬೇಕು. ಬೇಕಿದ್ದರೆ ಶೇ 30ರ ದರ ಹಾಗೇ ಇರಲಿ. ತೆರಿಗೆ ಉಳಿದ 20 ಸಾವಿರದ ಮೇಲೆ ಬೀಳಲಿ.

ಅಲ್ಲಿಯವರೆಗೆ ಆ ಹುಡುಗ ಅಪ್ಪನ ಪುಸ್ತಕದಲ್ಲೇ ಒಂದು ಹಾಳೆ ಬಿಡಿಸಿಕೊಳ್ಳಲಿ: ಕೊಂಡ ದಿನ, ಕೊಟ್ಟ ರೂಪಾಯಿ, ಮಾರಿದ ದಿನ, ಬಂದ ರೂಪಾಯಿ, ಮುರಿದುಕೊಂಡ ಟಿಡಿಎಸ್. ಮೇಲಿನ ಲೆಕ್ಕದಲ್ಲಿ 2,200 ರೂಪಾಯಿ ಟಿಡಿಎಸ್ ಹೋಗಿ, ರಿಟರ್ನ್ ಸಲ್ಲಿಸುವ ಹೊತ್ತಿಗೆ ಅವನು ಇನ್ನೂ 29,000 ಕಟ್ಟಬೇಕು. ಉಳಿದ ದುಡ್ಡನ್ನೆಲ್ಲ ಮತ್ತೆ ನಾಣ್ಯಕ್ಕೇ ಹಾಕಿದ್ದರೆ, ಆ 29,000 ಬಿತ್ತನೆ ಗಡ್ಡೆಗೆಂದು ಮನೆಯಲ್ಲಿ ತೆಗೆದಿಟ್ಟ ಹಣದಿಂದಲೇ ಹೋಗಬೇಕಾಗುತ್ತದೆ.