ಮೂರನೆಯ ರಿಚರ್ಡ್ ದೊರೆಯ ಹೆಗಲು

ಚರಿತ್ರೆಯ ಪುಸ್ತಕದಲ್ಲಿ ಬಾಲಿಕೆಯರು ಪಾಠಕ್ಕಿಂತ ಮೊದಲು ಚಿತ್ರವನ್ನೇ ನೋಡುವರು. ಪಾಠವು ಮರೆತುಹೋದ ಮೇಲೂ ಮುಖವು ಮನಸ್ಸಿನಲ್ಲಿ ನಿಲ್ಲುವುದು. ಆದಕಾರಣ ಅಕ್ಷರವನ್ನು ಓದಲು ಕಲಿಸುವಷ್ಟೇ ಎಚ್ಚರಿಕೆಯಿಂದ ಚಿತ್ರವನ್ನು ಓದಲೂ ಕಲಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಹಳೆಯ ಅಚ್ಚಿನ ಚಿತ್ರವು ಇದಕ್ಕೆ ಒಳ್ಳೆಯ ನಿದರ್ಶನ.

ಜಾರ್ಜ್ ವರ್ಚ್ಯೂ (1684–1756) ಎಂಬ ಕೆತ್ತನೆಗಾರನು ರಾಪಿನನ ಇಂಗ್ಲೆಂಡ್ ಚರಿತ್ರೆಗಾಗಿ ಆ ದೇಶದ ಅರಸರ ಮುಖಗಳನ್ನು ತಾಮ್ರದ ತಗಡಿನಲ್ಲಿ ಕೊರೆದನು. ಅವನು ನಾಣ್ಯ, ರಾಜಮುದ್ರೆ, ಸಮಾಧಿಯ ಪ್ರತಿಮೆ, ಹಳೆಯ ಪಟ ಇವುಗಳನ್ನು ಶ್ರಮಪಟ್ಟು ಹುಡುಕಿದವನು. ಆದರೂ ನಕಲು ಮೂಲಕ್ಕಿಂತ ಹೆಚ್ಚು ಸತ್ಯವಾಗಲಾರದು. ರಿಚರ್ಡನು ಆಳಿದ್ದು 1483ರಿಂದ 1485ರವರೆಗೆ ಮಾತ್ರ. ಹಲಗೆಯ ಮೇಲೆ ಬರೆದ ಅವನ ಭಾವಚಿತ್ರಗಳಲ್ಲಿ ಈಗ ಉಳಿದಿರುವವೆಲ್ಲವೂ ಅವನು ಬಾಸ್ವರ್ತ್ ರಣರಂಗದಲ್ಲಿ ಮಡಿದ ಮೇಲೆ, ಅವನನ್ನು ಗೆದ್ದ ಟ್ಯೂಡರ್ ವಂಶದವರ ಕಾಲದಲ್ಲಿ ಆದವು. ಇವುಗಳಲ್ಲಿ ರಾಜಮನೆತನದ ಸಂಗ್ರಹದಲ್ಲಿರುವ ಪಟವನ್ನು ಎಕ್ಸ್‌-ರೇ ಕಿರಣಗಳಿಂದ ಪರೀಕ್ಷಿಸಿದಾಗ, ಬಲ ಹೆಗಲಿನ ಗೆರೆಯನ್ನು ಆಮೇಲೆ ಎತ್ತರಿಸಿ ತಿದ್ದಿದ್ದು ಕಂಡುಬಂದಿತು. ಇದಲ್ಲದೆ, ಪಟವನ್ನು ತಗಡಿನ ಮೇಲೆ ಇದ್ದಂತೆಯೇ ಕೊರೆದರೆ ಕಾಗದದಲ್ಲಿ ಎಡವು ಬಲವಾಗಿ ಅಚ್ಚಾಗುವುದು. ಹೀಗಿರಲು ಹೆಗಲಿನ ವಿಷಯದಲ್ಲಿ ಅಚ್ಚಿನ ಚಿತ್ರವೊಂದನ್ನೇ ನಂಬುವುದು ಹೇಗೆ?

ಬರಹಗಾರರೂ ಹಿಂದೆ ಬೀಳಲಿಲ್ಲ. ಬಾಸ್ವರ್ತ್ ಯುದ್ಧದ ಕಾಲಕ್ಕೆ ಸುಮಾರು 7 ವರ್ಷದ ಬಾಲಕನಾಗಿದ್ದ ಥಾಮಸ್ ಮೋರನು, ದೊರೆಯ ಎಡ ಹೆಗಲು ಎತ್ತರವೆಂದೂ ಒಂದು ತೋಳು ಒಣಗಿತ್ತೆಂದೂ ಬರೆದನು. ಷೇಕ್ಸ್‌ಪಿಯರನ ನಾಟಕದಲ್ಲಿ ಅವನು ಗೂನುಬೆನ್ನಿನ ಕ್ರೂರಿಯಾದನು. ಮೈ ಸೊಟ್ಟಗಿದ್ದವನ ಮನಸ್ಸೂ ಸೊಟ್ಟಗಿರುವುದೆಂದು ಜನರು ನಂಬಿದರು.

2012ರಲ್ಲಿ ಲೆಸ್ಟರ್ ನಗರದ ನೆಲದಡಿಯಲ್ಲಿ ಆ ದೊರೆಯ ಅಸ್ಥಿಪಂಜರವು ದೊರಕಿತು. ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು. ಬಲ ಹೆಗಲು ಎಡದಕ್ಕಿಂತ ಎತ್ತರವಾಗಿದ್ದಿರಬೇಕು. ಆದರೆ ಗೂನಿರಲಿಲ್ಲ, ತೋಳು ಒಣಗಿರಲಿಲ್ಲ. ಜಾಣನಾದ ದರ್ಜಿಯೂ ಅಳತೆಗೆ ಮಾಡಿದ ಕವಚವೂ ಆ ಕುಂದನ್ನು ಬಹುಮಟ್ಟಿಗೆ ಮರೆಮಾಡಬಹುದಾಗಿತ್ತೆಂದು ಪರೀಕ್ಷಿಸಿದವರು ಹೇಳಿದರು. ಎಂದರೆ ತಿದ್ದಿದ ಪಟದಲ್ಲಿಯೂ ಒಂದು ಎಳೆ ಸತ್ಯವಿತ್ತು; ಕಥೆಯು ಅದನ್ನು ಹಗ್ಗ ಮಾಡಿತು.

ಆದುದರಿಂದ ಹಳೆಯ ಚಿತ್ರಗಳನ್ನು ಸುಳ್ಳೆಂದು ಎಸೆಯುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ಯಾರು ಬರೆದರು, ಯಾವಾಗ ಬರೆದರು, ಯಾವುದನ್ನು ನೋಡಿ ಬರೆದರು, ಯಾರನ್ನು ಮೆಚ್ಚಿಸಲು ಬರೆದರು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಕೇಳಲಿ. 1483ರಲ್ಲಿ ಕಣ್ಮರೆಯಾದ ಅಣ್ಣನ ಮಕ್ಕಳನ್ನು ರಿಚರ್ಡನು ಕೊಲ್ಲಿಸಿದನೋ ಇಲ್ಲವೋ ಎಂಬುದನ್ನು ದಾಖಲೆಗಳಿಂದ ವಿಚಾರಿಸಬೇಕು. ಅದಕ್ಕೆ ಅವನ ಹೆಗಲು ಸಾಕ್ಷಿಯಲ್ಲ.

ಇದು ದೂರದೇಶದ ಸತ್ತ ಅರಸನೊಬ್ಬನ ಮಾತಷ್ಟೇ ಅಲ್ಲ. ಅವನ ಬೆನ್ನು ಬಾಗತೊಡಗಿದ್ದು 10 ವರ್ಷ ವಯಸ್ಸು ಕಳೆದ ಮೇಲೆ. ಅದೇ ಪ್ರಾಯದ ಬಾಲಿಕೆಯರಲ್ಲಿಯೂ ಈ ಬಾಗು ಕಾಣಿಸಿಕೊಳ್ಳುವುದುಂಟು. ಸೊಟ್ಟ ಬೆನ್ನಿನವನು ದುಷ್ಟನೆಂದು ನಾವು ನಗುತ್ತ ಪಾಠ ಹೇಳುವಾಗ, ಹಿಂದಿನ ಬೆಂಚಿನಲ್ಲಿ ಸೆರಗನ್ನು ಹೆಗಲಮೇಲೆ ಸರಿಪಡಿಸಿಕೊಳ್ಳುವ ಹುಡುಗಿಯೊಬ್ಬಳು ತಲೆತಗ್ಗಿಸಬಹುದು. ಅವಳಿಗೆ ನೋವಾಗುವಂತಹ ಪಾಠವು ಚರಿತ್ರೆಯೂ ಅಲ್ಲ, ವಿದ್ಯೆಯೂ ಅಲ್ಲ.