ಮಗುವಿನ ಬುದ್ಧಿಗೆ ಯಾವ ಅಳತೆಗೋಲು?

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯ ಕೈಗೆ ಸ್ಕ್ರೂಗೇಜನ್ನು ಕೊಡುವಾಗ ನಾವು ಮೊದಲು ಹೇಳತಕ್ಕ ಮಾತು, ಉಪಕರಣದ ಶೂನ್ಯದೋಷವನ್ನು ನೋಡಿಕೊ ಎಂಬುದು. ಅದನ್ನು ಲೆಕ್ಕಕ್ಕೆ ಹಿಡಿಯದೆ ತಂತಿಯ ದಪ್ಪವನ್ನು ಹೇಳಿದವನಿಗೆ ಅಂಕ ದೊರೆಯದು. ತಂತಿಯ ವಿಷಯದಲ್ಲಿ ತೋರುವ ಈ ಎಚ್ಚರಿಕೆಯನ್ನು ಮಗುವಿನ ಬುದ್ಧಿಯನ್ನು ಅಳೆಯುವಾಗಲೂ ತೋರುತ್ತಿರುವೆವೇ?

ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಆಕ್ಯುಪೇಷನಲ್ ಥೆರಪಿಯ ತಜ್ಞರ ಬಳಿಗೆ ಕರೆದೊಯ್ದರೆ, ಅವರು ಅದರ ಮುಂದೆ ಬಣ್ಣದ ಘನಗಳನ್ನೂ ಚಿತ್ರದ ತುಣುಕುಗಳನ್ನೂ ಇಟ್ಟು ಜೋಡಿಸಹೇಳುವರು. ಆಕೃತಿಗಳನ್ನು ನೋಡಿ ಬರೆಯಹೇಳುವರು. ಇಸ್ರೇಲಿನ ಲೋವೆನ್‌ಸ್ಟೈನ್ ಆಸ್ಪತ್ರೆಯಲ್ಲಿ, ಮೆದುಳಿಗೆ ಪೆಟ್ಟು ಬಿದ್ದ ವಯಸ್ಕರಿಗೆಂದು ರೂಪುಗೊಂಡ ಇಂಥ ಪರೀಕ್ಷೆಯೊಂದು ಅನಂತರ ಮಕ್ಕಳವರೆಗೂ ಬಂದಿತು. ಇಂಥ ಪರೀಕ್ಷೆಗಳಲ್ಲಿ ಒಂದು ಜನಾಂಗದ ಮಕ್ಕಳ ಅಂಕಗಳನ್ನು ಇನ್ನೊಂದರವರ ಅಂಕಗಳೊಡನೆ ಹೋಲಿಸುವುದೂ ಉಂಟು. ಹೋಲಿಕೆ ತಪ್ಪಲ್ಲ, ಅಂಕಗಳ ಅಂತರವನ್ನು ಬುದ್ಧಿಯ ಅಂತರವೆಂದು ಓದುವುದು ತಪ್ಪು.

ರಾಬರ್ಟ್ ಸರ್ಪೆಲ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಾಚಕರು ಗಮನಿಸಬೇಕು. ಆಫ್ರಿಕಾದ ಜಾಂಬಿಯಾ ಮತ್ತು ಇಂಗ್ಲೆಂಡುಗಳ ಮಕ್ಕಳಿಗೆ ಮಾದರಿಗಳನ್ನು ತೋರಿಸಿ, ಅವುಗಳಂತೆಯೇ ಮಾಡಲು ಹೇಳಲಾಯಿತು. ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯುವಾಗ ಇಂಗ್ಲೆಂಡಿನ ಮಕ್ಕಳು ಮುಂದಾದರು. ತಂತಿಯನ್ನು ಬಾಗಿಸಿ ಮಾಡುವಾಗಲಾದರೋ ಜಾಂಬಿಯಾದವರದೇ ಮೇಲುಗೈ! ಅಲ್ಲಿನ ಹುಡುಗರು ಬಿಸುಟ ತಂತಿಯಿಂದ ಆಟದ ಮೋಟಾರುಗಾಡಿಗಳನ್ನು ಕಟ್ಟುವುದರಲ್ಲಿ ನುರಿತವರು. ಎರಡು ಕಡೆಯವರಿಗೂ ಪರಿಚಿತವಾದ ಮೆತುಮಣ್ಣಿನ ಕೆಲಸದಲ್ಲಿ ಹೇಳತಕ್ಕ ಅಂತರವೇನೂ ಕಾಣಲಿಲ್ಲ. ಪೆನ್ಸಿಲಿನ ಪರೀಕ್ಷೆಯೊಂದನ್ನೇ ಮಾಡಿ ವರದಿ ಬರೆದಿದ್ದರೆ, ಜಾಂಬಿಯಾದ ಮಕ್ಕಳಿಗೆ ಆಕೃತಿಗಳನ್ನು ಗ್ರಹಿಸುವ ಶಕ್ತಿಯೇ ಕಡಿಮೆಯೆಂದು ತೀರ್ಮಾನವಾಗುತ್ತಿತ್ತಷ್ಟೆ.

ನಮ್ಮಲ್ಲಿ ಈ ವಿವೇಕ ಹೊಸದಲ್ಲ. ಫ್ರಾನ್ಸಿನಲ್ಲಿ 1905ರಲ್ಲಿ ಹುಟ್ಟಿದ ಬಿನೆಯವರ ಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ, 1940ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಬರಿಯ ಭಾಷಾಂತರದಿಂದ ತೃಪ್ತರಾಗದೆ ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ವಯಸ್ಸಿಗೆ ತಕ್ಕ ಪ್ರಮಾಣಗಳನ್ನು ಗೊತ್ತುಪಡಿಸಿದರು. ಆ ಪ್ರಮಾಣಗಳೂ ಆ ಕಾಲದ ಮಕ್ಕಳವೆಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಪರೀಕ್ಷೆಗಳನ್ನೇ ಕೈಬಿಡೋಣವೆಂದು ಕೆಲವರು ಹೇಳಬಹುದು. ನಾನು ಒಪ್ಪೆನು. ಚುರುಕಾದ ಮಗುವಿಗೆ ಮಂದಬುದ್ಧಿಯೆಂಬ ಹೆಸರಿಡುವುದು ಎಷ್ಟು ಅನ್ಯಾಯವೋ, ನಿಜವಾಗಿ ನೆರವು ಬೇಕಾದ ಮಗುವನ್ನು 'ಹಳ್ಳಿಯದು, ಅಭ್ಯಾಸವಿಲ್ಲ' ಎಂದು ಹಿಂದಕ್ಕೆ ಕಳುಹಿಸುವುದೂ ಅಷ್ಟೇ ಅನ್ಯಾಯ. ಮೊದಲ ಸಲ ಸೋತ ಮಗುವಿಗೆ ತುಸು ಹೇಳಿಕೊಟ್ಟು ಮತ್ತೆ ನೋಡಬೇಕು. ಆಗ ಎಷ್ಟು ಬೇಗ ಕಲಿಯಿತೆಂಬುದು ಅಂಕಕ್ಕಿಂತ ಹೆಚ್ಚನ್ನು ತಿಳಿಸೀತು. ಇನ್ನು, ಮನೆಯಲ್ಲಿ ಅದರ ಕೈಗಳು ಏನನ್ನು ಮಾಡಬಲ್ಲವು, ರಂಗೋಲಿ ಇಡುವುದೋ, ಹೂ ಕಟ್ಟುವುದೋ, ಬುಗುರಿಗೆ ಚಾಟಿ ಸುತ್ತುವುದೋ, ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಲು ಪರೀಕ್ಷೆಯ ಹಾಳೆಯಲ್ಲಿ ಒಂದು ಸಾಲನ್ನಾದರೂ ಬಿಡತಕ್ಕದ್ದು.